ಫೋನಿನ ತಂತಿ ಮತ್ತು ಕಣಿವೆಯ ನೀರು

ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದಾಗ ವಿದ್ಯುತ್ ಹೋಗುವುದು ಯಾರಿಗೂ ಸುದ್ದಿಯಲ್ಲ. ಮರ ಬಿದ್ದು ಕಂಬ ಮುರಿದರೆ ಎರಡು ದಿನ, ಧರೆ ಕುಸಿದು ದಾರಿ ಕಡಿದರೆ ವಾರ. ಒಂದು ಕಾಲದಲ್ಲಿ ಅಂಥ ಕತ್ತಲಲ್ಲಿಯೂ ಜಗಲಿಯ ಮೂಲೆಯಲ್ಲಿದ್ದ ಫೋನು ಜೀವದಿಂದಿರುತ್ತಿತ್ತು. ಮನೆಯ ದೀಪ ಆರಿದ್ದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಕೇಳುತ್ತಿತ್ತು. ಹೆರಿಗೆ ನೋವು ಕಾಣಿಸಿಕೊಂಡಾಗ ಜೀಪಿಗೆ ಹೇಳುವುದು, ಹಾವು ಕಚ್ಚಿದಾಗ ಪೇಟೆಯ ಆಸ್ಪತ್ರೆಗೆ ತಿಳಿಸುವುದು, ಹೊಳೆಯಾಚೆಯ ನೆಂಟರ ಕ್ಷೇಮ ವಿಚಾರಿಸುವುದು ಎಲ್ಲವೂ ಆ ಒಂದು ಜೊತೆ ತಾಮ್ರದ ಎಳೆಯ ಮೇಲೆ ನಡೆಯುತ್ತಿದ್ದವು. ತಂತಿಯ ಮೇಲೆಯೇ ಮರ ಬಿದ್ದರೆ ಫೋನೂ ಸತ್ತಂತೆ, ನಿಜ. ಆದರೆ ಊರಿನ ಕರೆಂಟು ಹೋಯಿತೆಂಬ ಒಂದೇ ಕಾರಣಕ್ಕೆ ಅದು ಸಾಯುತ್ತಿರಲಿಲ್ಲ.

ಇಂದು ಆ ಮಾತನ್ನು ಹೇಳುವಂತಿಲ್ಲ. ಮನೆಗೆ ಗಾಜಿನೆಳೆಯ ಸಂಪರ್ಕ ಬಂದಿದೆ, ಫೋನಿಗೆ ಅಡಾಪ್ಟರ್ ಬಂದಿದೆ. ಕರೆಂಟು ಹೋದ ಕ್ಷಣದಲ್ಲಿ ಫೋನೂ ಹೋಗುತ್ತದೆ. ಟವರಿನ ಬ್ಯಾಟರಿಯೂ ಡೀಸೆಲ್ಲೂ ಮುಗಿದರೆ ಮೊಬೈಲ್ ಕೂಡ ಮೌನ ತಾಳುತ್ತದೆ. ಇತ್ತ ನಗರದ ದೊಡ್ಡ ಕಚೇರಿಗಳು ಮಾತ್ರ, ಹಳೆಯ ಫೋನಿನ ಗುಣವನ್ನು ಬೇರೊಂದು ರೂಪದಲ್ಲಿ ಮರಳಿ ಪಡೆದಿವೆ. ಅಲ್ಲಿ ಕಂಪ್ಯೂಟರ್ ಜಾಲದ ಕೇಬಲ್ಲಿನಲ್ಲಿಯೇ ವಿದ್ಯುತ್ತನ್ನೂ ಹರಿಸಿ ಮೇಜಿನ ಮೇಲಿನ ಫೋನು, ಗೋಡೆಯ ಕ್ಯಾಮೆರಾ, ಚಾವಣಿಯ ವೈ-ಫೈ ಪೆಟ್ಟಿಗೆಗಳನ್ನು ನಡೆಸಲಾಗುತ್ತದೆ. ‘ಪವರ್ ಓವರ್ ಈಥರ್ನೆಟ್’ ಎಂಬುದು ಈ ವ್ಯವಸ್ಥೆಯ ಹೆಸರು. ಇದರಿಂದ ಮಲೆನಾಡು ಕಲಿಯಬೇಕಾದದ್ದು ಒಂದಿದೆ, ಇದನ್ನು ಬಳಸುವವರಿಂದ ಮಲೆನಾಡು ಕೇಳಬೇಕಾದದ್ದೂ ಒಂದಿದೆ. ಎರಡನ್ನೂ ಒಟ್ಟಿಗೆ ನೋಡುವುದು ಅಗತ್ಯ.

ಹಳೆಯ ಫೋನಿನ ಗುಟ್ಟು

ಹಳೆಯ ಫೋನಿಗೆ ವಿದ್ಯುತ್ ಬರುತ್ತಿದ್ದುದು ಮನೆಯ ಸ್ವಿಚ್‌ಬೋರ್ಡಿನಿಂದಲ್ಲ, ಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿನಿಂದ. ಅಲ್ಲಿಯ ಒಂದು ಕೋಣೆಯಲ್ಲಿ ಸೀಸ ಮತ್ತು ಆಮ್ಲದ ಬ್ಯಾಟರಿಗಳ ಸಾಲು ಇರುತ್ತದೆ. ತಲಾ 2 ವೋಲ್ಟಿನ 24 ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 48 ವೋಲ್ಟಿನ ನೇರ ವಿದ್ಯುತ್ ದೊರೆಯುತ್ತದೆ. ಊರಿನ ವಿದ್ಯುತ್ ಇದ್ದಾಗ ಆ ಬ್ಯಾಟರಿಗಳು ತುಂಬಿಕೊಳ್ಳುತ್ತವೆ, ಇಲ್ಲದಾಗ ಅವೇ ಎಲ್ಲ ಫೋನುಗಳನ್ನೂ ಸಾಕುತ್ತವೆ. ಬ್ಯಾಟರಿಯ ಧನ ತುದಿಯನ್ನು ಭೂಮಿಗೆ ಸೇರಿಸಿ, ತಂತಿಯನ್ನು ಋಣ ತುದಿಗೆ ಜೋಡಿಸುವುದು ರೂಢಿ. ಒದ್ದೆ ನೆಲದಲ್ಲಿ ಹೂತ ತಾಮ್ರ ಬೇಗ ಸವೆಯದಿರಲೆಂದು ಕಂಡುಕೊಂಡ ಉಪಾಯವದು.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ರಿಸೀವರ್ ಕೆಳಗಿಟ್ಟಿರುವಾಗ ಹಳೆಯ ಫೋನಿನ ಮಂಡಲ ಬಿಚ್ಚಿಕೊಂಡಿರುತ್ತದೆ. ಅದರಲ್ಲಿ ಪ್ರವಾಹ ಹರಿಯುವುದಿಲ್ಲವೆಂದೇ ಹೇಳಬಹುದು. ಎತ್ತಿದೊಡನೆ ಸುಮಾರು 20ರಿಂದ 50 ಮಿಲಿಆಂಪಿಯರ್ ಪ್ರವಾಹ ಹರಿಯತೊಡಗುತ್ತದೆ. ಆ ಹರಿವನ್ನು ಗುರುತಿಸಿಯೇ ಎಕ್ಸ್‌ಚೇಂಜ್ ‘ಯಾರೋ ಮಾತಾಡಲು ಬಯಸಿದ್ದಾರೆ’ ಎಂದು ತಿಳಿದು ಡಯಲ್ ಟೋನ್ ಕಳಿಸುತ್ತದೆ. ಎಕ್ಸ್‌ಚೇಂಜಿನ ಯಂತ್ರಗಳಿಗೆ ಹಗಲಿರುಳೂ ವಿದ್ಯುತ್ ಬೇಕಾಗಿತ್ತು ಎಂಬುದು ಸರಿ. ಆದರೆ ಮನೆಯಲ್ಲಿದ್ದ ಫೋನು ಮಾತಿಲ್ಲದ ಹೊತ್ತಿನಲ್ಲಿ ಏನನ್ನೂ ಉಣ್ಣುತ್ತಿರಲಿಲ್ಲ.

ಈ ವ್ಯವಸ್ಥೆ ಹಳ್ಳಿಗಳವರೆಗೆ ಬಂದುದರಲ್ಲಿ ಕರ್ನಾಟಕಕ್ಕೊಂದು ವಿಶೇಷ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಭಾರತದ ಹಳ್ಳಿಗಳಿಗೆಂದೇ ಚಿಕ್ಕ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ರೂಪಿಸಿತು. ಅದು ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಹವಾನಿಯಂತ್ರಿತ ಕೋಣೆಯಿಲ್ಲದೆ, ಸೆಕೆ ಮತ್ತು ಧೂಳನ್ನು ತಡೆದುಕೊಂಡು ನಡೆಯುವಂತೆ ಅದನ್ನು ವಿನ್ಯಾಸ ಮಾಡಲಾಗಿತ್ತು. ಸ್ಥಳದ ಕಷ್ಟವನ್ನು ಅರಿತು ಯಂತ್ರವನ್ನು ರೂಪಿಸಿದರೆ ತಂತ್ರಜ್ಞಾನ ಹಳ್ಳಿಗೂ ಒಗ್ಗುತ್ತದೆ ಎಂಬುದಕ್ಕೆ ಅದೊಂದು ಉದಾಹರಣೆ.

ಗಾಜಿನೆಳೆ ತಂದ ಬದಲಾವಣೆ

ತಾಮ್ರದ ಜಾಗಕ್ಕೆ ಗಾಜಿನೆಳೆ ಬಂದುದನ್ನು ಯಾರೂ ಹಳಿಯಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆಯ ಸಂಪರ್ಕ ನೀಡುವ ರಾಷ್ಟ್ರೀಯ ಯೋಜನೆ 2011ರಲ್ಲಿ ಮಂಜೂರಾಗಿ, 2015ರಲ್ಲಿ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಬೆಟ್ಟದ ವಿದ್ಯಾರ್ಥಿಗೆ ಪರೀಕ್ಷೆಯ ಅರ್ಜಿ ತುಂಬಲು, ರೈತನಿಗೆ ಪಹಣಿ ತೆಗೆಯಲು ಇದರಿಂದ ಅನುಕೂಲವಾಗಿದೆ. ಸಿಡಿಲಿನ ಊರಿನಲ್ಲಿ ಗಾಜಿನೆಳೆಗೆ ಇನ್ನೊಂದು ಹೆಚ್ಚುಗಾರಿಕೆಯೂ ಇದೆ. ಗಾಜು ವಿದ್ಯುದ್ವಾಹಕವಲ್ಲದ್ದರಿಂದ, ತಾಮ್ರದ ತಂತಿಯ ಹಾಗೆ ದೂರದ ಸಿಡಿಲನ್ನು ಅದು ಮನೆಯೊಳಕ್ಕೆ ಕರೆತರುವುದಿಲ್ಲ.

ಗಾಜಿನ ಈ ಗುಣವೇ ಅದರ ಕೊರತೆಯೂ ಹೌದು. ಅದರಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ ಹರಿಯುವುದಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿ ಈಗ ಮನೆಯ ಫೋನನ್ನು ಮುಟ್ಟಲಾರದು. ಗಾಜಿನೆಳೆ ಬಂದು ಸೇರುವ ಪೆಟ್ಟಿಗೆಗೆ ಒಂದು ಅಡಾಪ್ಟರ್, ವೈ-ಫೈಗೆ ಒಂದು, ಫೋನಿಗೆ ಮತ್ತೊಂದು. ಮೊದಲು ಎಕ್ಸ್‌ಚೇಂಜು ಹೊತ್ತಿದ್ದ ಜವಾಬ್ದಾರಿ ಸದ್ದಿಲ್ಲದೆ ಬಳಕೆದಾರನ ಮನೆಗೆ ವರ್ಗವಾಯಿತು. ಇನ್ವರ್ಟರ್ ಕೊಳ್ಳಬಲ್ಲವನಿಗೆ ಮಳೆಗಾಲದಲ್ಲಿಯೂ ಫೋನು ಉಂಟು, ಕೊಳ್ಳಲಾರದವನಿಗೆ ಇಲ್ಲ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜಾರಿತು. ಇಂಥ ದಿನಗಳಲ್ಲಿ ಮಾತಿನ ಸಂಪರ್ಕ ಅನುಕೂಲದ ವಿಷಯವಾಗಿ ಉಳಿಯುವುದಿಲ್ಲ, ಪ್ರಾಣದ ವಿಷಯವಾಗುತ್ತದೆ. ಕರೆಂಟು ಮೊದಲು ಹೋಗುವುದೂ ಇಂಥ ದಿನಗಳಲ್ಲಿಯೇ.

ಒಂದೇ ಕೇಬಲ್ಲಿನಲ್ಲಿ ಎರಡು ಹರಿವು

ಕಚೇರಿಗಳಲ್ಲಿ ಇದೇ ತೊಡಕು ಎದುರಾದುದು ಫೋನುಗಳು ಕಂಪ್ಯೂಟರ್ ಜಾಲಕ್ಕೆ ಸೇರಿದಾಗ. ಪ್ರತಿ ಮೇಜಿಗೂ ಒಂದು ಸಾಕೆಟ್ಟು, ಒಂದು ಅಡಾಪ್ಟರ್. ಕರೆಂಟು ಹೋದರೆ ಇಡೀ ಕಚೇರಿಗೆ ಫೋನಿಲ್ಲ. 2000ನೇ ಇಸವಿಯ ಸುಮಾರಿಗೆ ಸಿಸ್ಕೊ ಕಂಪನಿ ಜಾಲದ ಕೇಬಲ್ಲಿನಿಂದಲೇ ಫೋನಿಗೆ ವಿದ್ಯುತ್ ಕೊಡುವ ತನ್ನದೇ ವಿಧಾನವನ್ನು ತಂದಿತು. ಎಲ್ಲ ಕಂಪನಿಗಳ ಉಪಕರಣಗಳಿಗೂ ಹೊಂದುವ ಮಾನದಂಡವನ್ನು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ 2003ರಲ್ಲಿ ಪ್ರಕಟಿಸಿತು. ಅದರ ಪ್ರಕಾರ ಒಂದು ಕೇಬಲ್ಲಿನಲ್ಲಿ 15.4 ವಾಟ್‌ವರೆಗೆ ಕಳಿಸಬಹುದಾಗಿತ್ತು. 2009ರ ಮಾನದಂಡ ಅದನ್ನು 30 ವಾಟ್‌ಗೆ ಏರಿಸಿತು. 2018ರದು 60 ಮತ್ತು 90 ವಾಟ್‌ಗಳವರೆಗೆ ಕೊಂಡೊಯ್ದಿತು.

ಕೆಲಸ ನಡೆಯುವ ಬಗೆ ಹೀಗೆ. ಜಾಲದ ಕೇಬಲ್ಲಿನಲ್ಲಿ ಎಂಟು ಸಣ್ಣ ತಾಮ್ರದ ತಂತಿಗಳು, ಎರಡೆರಡು ಹೊಸೆದ ನಾಲ್ಕು ಜೊತೆಗಳಾಗಿ ಇರುತ್ತವೆ. ಒಂದು ತುದಿಯಲ್ಲಿ ಎಲ್ಲ ಕೇಬಲ್ಲುಗಳೂ ಬಂದು ಸೇರುವ ‘ಸ್ವಿಚ್’ ಎಂಬ ಪೆಟ್ಟಿಗೆ. ಇನ್ನೊಂದು ತುದಿಯಲ್ಲಿ ಫೋನು. ನೇರ ವಿದ್ಯುತ್ತಿನ ಸ್ಥಿರ ಒತ್ತಡದ ಮೇಲೆ ಮಾತು ಮತ್ತು ಮಾಹಿತಿಯ ವೇಗದ ಸಂಕೇತಗಳು ಸವಾರಿ ಮಾಡುತ್ತವೆ. ತುದಿಯಲ್ಲಿರುವ ಚಿಕ್ಕ ಟ್ರಾನ್ಸ್‌ಫಾರ್ಮರುಗಳು ಎರಡನ್ನೂ ಬೇರ್ಪಡಿಸುತ್ತವೆ.

ಸ್ವಿಚ್ಚು ಕಣ್ಣುಮುಚ್ಚಿ ವಿದ್ಯುತ್ ಕಳಿಸುವುದಿಲ್ಲ. ಮೊದಲು 10 ವೋಲ್ಟಿನಷ್ಟು ಕಡಿಮೆ ಒತ್ತಡವನ್ನು ಕಳಿಸಿ, ಆಚೆ ತುದಿಯಲ್ಲಿ ಸುಮಾರು 25,000 ಓಮ್‌ನ ರೋಧವಿದೆಯೇ ಎಂದು ನೋಡುತ್ತದೆ. ಆ ಗುರುತು ಕಂಡರೆ ಮಾತ್ರ ಪೂರ್ಣ ಒತ್ತಡವನ್ನು ಬಿಡುತ್ತದೆ. ಹಾಗಾಗಿ ವಿದ್ಯುತ್ ಬೇಡದ ಮಾಮೂಲಿ ಕಂಪ್ಯೂಟರನ್ನು ಅದೇ ಪೋರ್ಟಿಗೆ ಸಿಕ್ಕಿಸಿದರೂ ಹಾನಿಯಿಲ್ಲ. ಉಪಕರಣವನ್ನು ಕಿತ್ತರೆ ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಸರಬರಾಜು ನಿಲ್ಲುತ್ತದೆ.

ಇಲ್ಲಿಯೂ ಬಳಕೆಯಾಗುವುದು 48 ವೋಲ್ಟಿನ ಆಸುಪಾಸಿನ ಒತ್ತಡವೇ. ಹಳೆಯ ಎಕ್ಸ್‌ಚೇಂಜಿನ ಸಂಖ್ಯೆಯೇ ಮರಳಿ ಬಂದುದಕ್ಕೆ ಕಾರಣವಿದೆ. ಮನುಷ್ಯನಿಗೆ ತಗುಲಿದರೆ ಅಪಾಯ ಕಡಿಮೆ ಇರಬೇಕು, ಸಣ್ಣ ತಂತಿಯಲ್ಲಿ ನಷ್ಟವೂ ಕಡಿಮೆಯಾಗಬೇಕು. ಕಾಲೇಜಿನ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. 100 ಮೀಟರ್ ಉದ್ದದ ಕೇಬಲ್ಲಿನ ರೋಧವನ್ನು 2003ರ ಮಾನದಂಡ ಗರಿಷ್ಠ 20 ಓಮ್ ಎಂದು ಗಣಿಸುತ್ತದೆ. 44 ವೋಲ್ಟಿನಲ್ಲಿ 0.35 ಆಂಪಿಯರ್ ಹರಿದರೆ ಹೊರಟದ್ದು 15.4 ವಾಟ್. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ದಾರಿಯಲ್ಲಿ ಶಾಖವಾಗಿ ಹೋದದ್ದು 2.45 ವಾಟ್, ಉಪಕರಣಕ್ಕೆ ಮುಟ್ಟಿದ್ದು 12.95 ವಾಟ್. ಮಾನದಂಡದಲ್ಲಿರುವುದೂ ಇದೇ ಅಂಕಿ. 4 ವಾಟಿನ ಒಂದು ಫೋನಿಗಾದರೆ 48 ವೋಲ್ಟಿನಲ್ಲಿ ನಷ್ಟ ಸುಮಾರು 0.14 ವಾಟ್ ಮಾತ್ರ. ಅದೇ 4 ವಾಟನ್ನು 5 ವೋಲ್ಟಿನಲ್ಲಿ ಕಳಿಸಹೊರಟರೆ 0.8 ಆಂಪಿಯರ್ ಬೇಕು. 20 ಓಮಿನಲ್ಲಿ ಅಷ್ಟು ಪ್ರವಾಹ ಹರಿಸಲು ದಾರಿಖರ್ಚೇ 12.8 ವಾಟ್. ಗಂಟಿಗಿಂತ ಗಾಡಿಯ ಬಾಡಿಗೆ ಹೆಚ್ಚಾದಂತೆ.

ಈ ವ್ಯವಸ್ಥೆಯಿಂದ ಕಚೇರಿಗಳಿಗೆ ಆದ ಪ್ರಯೋಜನ ಸಣ್ಣದಲ್ಲ. ನೂರು ಮೇಜುಗಳಿಗೆ ನೂರು ಅಡಾಪ್ಟರ್ ಬೇಡ. ಅಷ್ಟರಮಟ್ಟಿಗೆ ಪ್ಲಾಸ್ಟಿಕ್ಕೂ ತಾಮ್ರವೂ ಉಳಿದವು, ಎಲೆಕ್ಟ್ರಾನಿಕ್ ಕಸವೂ ಕಡಿಮೆಯಾಯಿತು. ಸ್ವಿಚ್ಚಿನ ಬಳಿ ಒಂದೇ ಬ್ಯಾಟರಿ ಇಟ್ಟರೆ ನೂರು ಫೋನುಗಳೂ ಕತ್ತಲಲ್ಲಿ ಮಾತಾಡುತ್ತವೆ. ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯೇ ಚಿಕ್ಕದಾಗಿ ಕಚೇರಿಯ ಕಪಾಟಿನೊಳಗೆ ಬಂದು ಕುಳಿತಂತೆ ಇದು.

ಮೌನದಲ್ಲಿಯೂ ಉಣ್ಣುವ ಯಂತ್ರ

ಮರಳಿ ಬಾರದೆ ಹೋದದ್ದು ಹಳೆಯ ಫೋನಿನ ಇನ್ನೊಂದು ಗುಣ. ಹೊಸ ಫೋನು ವಾಸ್ತವದಲ್ಲಿ ಒಂದು ಚಿಕ್ಕ ಕಂಪ್ಯೂಟರ್. ಪರದೆ ಬೆಳಗಬೇಕು, ಒಳಗಿನ ಸಂಸ್ಕಾರಕ ಎಚ್ಚರವಿರಬೇಕು, ಜಾಲದೊಡನೆ ಸದಾ ಮಾತುಕತೆ ನಡೆಯುತ್ತಿರಬೇಕು. ಆದ್ದರಿಂದ ಯಾರೂ ಮಾತಾಡದಿರುವಾಗಲೂ ಅದು ಕೆಲವು ವಾಟ್‌ಗಳನ್ನು ತಿನ್ನುತ್ತಲೇ ಇರುತ್ತದೆ.

ಉದಾಹರಣೆಗೆ, ತಲಾ 4 ವಾಟ್ ಬಳಸುವ 100 ಫೋನುಗಳಿರುವ ಕಚೇರಿಯನ್ನು ಊಹಿಸಿಕೊಳ್ಳಬಹುದು. ಒಟ್ಟು 400 ವಾಟ್. ವರ್ಷದ 8,760 ಗಂಟೆಗಳೂ ನಡೆದರೆ 3,504 ಯೂನಿಟ್. ಕಚೇರಿ ತೆರೆದಿರುವುದು ದಿನಕ್ಕೆ 10 ಗಂಟೆಯಂತೆ 300 ದಿನ, ಅಂದರೆ 3,000 ಗಂಟೆ ಎಂದಿಟ್ಟುಕೊಂಡರೆ, ಕೆಲಸಕ್ಕೆ ಬೇಕಾದದ್ದು 1,200 ಯೂನಿಟ್ ಮಾತ್ರ. ಉಳಿದ 2,304 ಯೂನಿಟ್ ಬೀಗ ಹಾಕಿದ ಕೋಣೆಗಳಲ್ಲಿ, ಖಾಲಿ ಕುರ್ಚಿಗಳೆದುರು ಖರ್ಚಾದದ್ದು. ಸ್ವಿಚ್ಚಿನ ಸ್ವಂತ ಬಳಕೆ, ಅದನ್ನು ತಂಪಾಗಿಡುವ ಹವಾನಿಯಂತ್ರಕದ ಬಳಕೆ ಇದಕ್ಕೆ ಸೇರಿಲ್ಲ.

ಅಡಾಪ್ಟರ್ ಇದ್ದ ಕಾಲದಲ್ಲಿ ಮನೆಗೆ ಹೊರಡುವವನು ಗೋಡೆಯ ಗುಂಡಿಯನ್ನಾದರೂ ಒತ್ತಬಹುದಿತ್ತು. ಈಗ ಮೇಜಿನ ಬಳಿ ಗುಂಡಿಯೇ ಇಲ್ಲ. ವಿದ್ಯುತ್ ಎಲ್ಲಿಂದ ಬರುತ್ತಿದೆ ಎಂಬುದೂ ಬಳಸುವವನಿಗೆ ತಿಳಿಯದು. ಕಾಣದ ಖರ್ಚಿನ ಬಗ್ಗೆ ಯಾರೂ ಚಿಂತಿಸುವುದಿಲ್ಲ.

ಇಲ್ಲಿ ಒಂದು ವಿಪರ್ಯಾಸವಿದೆ. ಇದೇ ವ್ಯವಸ್ಥೆಯಲ್ಲಿ ಆರಿಸುವ ಕೆಲಸ ಎಂದಿಗಿಂತಲೂ ಸುಲಭ. ನಿಯಂತ್ರಣ ಸೌಲಭ್ಯವುಳ್ಳ ಬಹುಪಾಲು ಸ್ವಿಚ್ಚುಗಳು ಯಾವ ಪೋರ್ಟಿನಲ್ಲಿ ಎಷ್ಟು ವಾಟ್ ಹರಿಯುತ್ತಿದೆ ಎಂದು ತೋರಿಸಬಲ್ಲವು. ಸಂಜೆ ಆರೂವರೆಗೆ ಈ ಎಂಬತ್ತು ಪೋರ್ಟುಗಳನ್ನು ಆರಿಸು, ಬೆಳಿಗ್ಗೆ ಒಂಬತ್ತಕ್ಕೆ ಹಚ್ಚು ಎಂದು ವೇಳಾಪಟ್ಟಿ ಬರೆದಿಡುವ ಅವಕಾಶವೂ ಹಲವುದರಲ್ಲಿದೆ. ನೂರು ಮಂದಿಗೆ ತಿಳಿಹೇಳಬೇಕಾಗಿಲ್ಲ, ಒಬ್ಬ ನೌಕರ ಒಂದು ಮಧ್ಯಾಹ್ನ ಕುಳಿತು ಮಾಡಿದರೆ ಸಾಕು. ಹೊಸ ಯಂತ್ರ ಕೊಳ್ಳಬೇಕಾಗಿಯೂ ಇಲ್ಲ. ಕೀಲಿ ಕೈಯಲ್ಲಿದ್ದೂ ಬಾಗಿಲು ಹಾಕದಿರುವುದನ್ನು ಅಲಕ್ಷ್ಯವೆಂದಲ್ಲದೆ ಬೇರೇನೆಂದು ಕರೆಯುವುದು?

ಆ ಯೂನಿಟ್ಟು ಎಲ್ಲಿಯದು?

ನಗರದ ಕಚೇರಿಯ ಫೋನಿಗೂ ಬೆಟ್ಟದ ಊರಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಇರುವುದು ಸಂಜೆಯ ಹೊತ್ತಿನಲ್ಲಿ. ಕಚೇರಿಗಳು ಮುಚ್ಚಿದ ಮೇಲೆ ಮನೆಮನೆಗಳ ದೀಪ, ಅಡುಗೆ, ಟಿ.ವಿ. ಒಟ್ಟಿಗೆ ಹೊತ್ತಿಕೊಳ್ಳುತ್ತವೆ, ಸೂರ್ಯ ಮುಳುಗಿ ಸೌರಫಲಕಗಳು ಕೈಬಿಡುತ್ತವೆ. ಆಗ ತಕ್ಷಣ ಚಾಲೂ ಮಾಡಬಲ್ಲದ್ದು ಜಲವಿದ್ಯುತ್ತು. ಅದಕ್ಕೆ ಬೇಕಾದ ನೀರು ಶರಾವತಿ, ಕಾಳಿ, ವಾರಾಹಿಗಳ ಕಣಿವೆಯದು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತಲೆಯೆತ್ತಿದಾಗ ಶರಾವತಿ ಕಣಿವೆಯ ಗದ್ದೆ, ತೋಟ, ದೇವರಬನ, ಊರಿಗೆ ಊರೇ ನೀರಿನಡಿಗೆ ಸೇರಿದವು. ಕಿತ್ತು ಬಂದ ಕುಟುಂಬಗಳಲ್ಲಿ ಎಷ್ಟೋ ಮಂದಿ, ತಮ್ಮ ನೆಲದಿಂದ ಹುಟ್ಟಿದ ವಿದ್ಯುತ್ತಿಗೆ ದೀರ್ಘಕಾಲ ಕಾದರು. ಈಗ ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಸುರಂಗ ಕೊರೆದು 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ಅದು ಸಿಂಗಳೀಕಗಳ ಅಭಯಾರಣ್ಯದ ನೆಲ. ವಿದ್ಯುತ್ ಹೆಚ್ಚಾಗಿರುವಾಗ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಡುವುದು ಈ ಯೋಜನೆಯ ಕ್ರಮ. ಎತ್ತಲು ಬೇಕಾಗುವ ವಿದ್ಯುತ್ತು, ಇಳಿಯುವಾಗ ದೊರೆಯುವುದಕ್ಕಿಂತ ಯಾವಾಗಲೂ ಹೆಚ್ಚು. ಈ ಎಲ್ಲ ಸಾಹಸಕ್ಕೆ ಕೊಡುವ ಮುಖ್ಯ ಕಾರಣ ಸಂಜೆಯ ಏರುಬೇಡಿಕೆ.

ಬೀಗ ಹಾಕಿದ ಕಚೇರಿಯ ಫೋನುಗಳು ಕಾರಣವಿಲ್ಲದೆ ಬೆಳಗುತ್ತಿರುವುದೂ ಅದೇ ಸಂಜೆಯಲ್ಲಿ.

ಇದನ್ನು ಉತ್ಪ್ರೇಕ್ಷಿಸುವುದು ತರವಲ್ಲ. 4 ವಾಟಿನ ಫೋನುಗಳು ಹತ್ತು ಲಕ್ಷ ಇದ್ದರೂ ಒಟ್ಟು 4 ಮೆಗಾವಾಟ್. 2,000 ಮೆಗಾವಾಟಿನ ಎದುರು ಅದು ಅಲ್ಪ. ಫೋನುಗಳನ್ನು ಆರಿಸಿದ ಮಾತ್ರಕ್ಕೆ ಕಣಿವೆ ಉಳಿಯಿತೆಂದು ಹೇಳುವವರು ಜನರನ್ನು ತಪ್ಪುದಾರಿಗೆ ಎಳೆದಂತೆ. ಆದರೆ ಕೇಬಲ್ಲಿಗೆ ನೇತುಬೀಳುವ ಸಾಮಾನು ಫೋನಿಗೆ ನಿಂತಿಲ್ಲ. 15 ವಾಟ್ 30 ಆಯಿತು, 30 ವಾಟ್ 90 ಆಯಿತು. ತಿರುಗುವ ಕ್ಯಾಮೆರಾ, ದೊಡ್ಡ ಪರದೆ, ಚಾವಣಿಯ ಎಲ್‌ಇಡಿ ದೀಪಗಳೂ ಅದೇ ಕೇಬಲ್ಲಿಗೆ ಬಂದಿವೆ. ಪ್ರತಿಯೊಂದೂ ತಾನು ಚಿಕ್ಕದೆಂದು ಹೇಳಿಕೊಂಡೇ ಒಳಗೆ ಬರುತ್ತದೆ. ಬೇಡಿಕೆ ಎಂಬುದು ಆಕಾಶದಿಂದ ಇಳಿದದ್ದಲ್ಲ. ಇಂಥ ಸಾವಿರ ಚಿಕ್ಕವುಗಳ ಮೊತ್ತ. ಮೊತ್ತವನ್ನು ತೋರಿಸಿ ಕಣಿವೆಯನ್ನು ಕೇಳುವವರು, ಮೊದಲು ಬಿಡಿ ಲೆಕ್ಕವನ್ನು ಒಪ್ಪಿಸಬೇಕು. ಮಲೆನಾಡಿನ ಜನ ಕೇಳುತ್ತಿರುವುದು ಇಷ್ಟೇ.

ಈ ಮಾತಿಗೆ ಆಕ್ಷೇಪಗಳಿವೆ. ರಾತ್ರಿ ತುರ್ತು ಕರೆ ಬಂದರೆ ಏನು ಗತಿ ಎಂಬುದು ಒಂದು. ಆಸ್ಪತ್ರೆ, ಪೊಲೀಸ್ ಠಾಣೆ, ಅಗ್ನಿಶಾಮಕ ಠಾಣೆ, ವಿಪತ್ತು ನಿರ್ವಹಣಾ ಕೇಂದ್ರಗಳ ಫೋನು ಎಂದಿಗೂ ಆರಬಾರದು; ಅದರಲ್ಲಿ ಎರಡು ಮಾತಿಲ್ಲ. ಉಳಿದ ಕಚೇರಿಗಳಲ್ಲಿ ಕಾವಲುಗಾರನ ಬಳಿ ಒಂದು, ಲಿಫ್ಟಿನಲ್ಲಿ ಒಂದು ಎಚ್ಚರವಿದ್ದರೆ ಸಾಕು. ಪದೇಪದೇ ಆರಿಸಿ ಹಚ್ಚಿದರೆ ಉಪಕರಣ ಕೆಡುತ್ತದೆ ಎಂಬುದು ಇನ್ನೊಂದು ಆಕ್ಷೇಪ. ದಿನಕ್ಕೊಮ್ಮೆ ಆರಿ ಹೊತ್ತುವುದು ಮನೆಯ ಟಿ.ವಿ.ಗೂ ಇರುವ ದಿನಚರಿಯೇ. ಬೆಳಿಗ್ಗೆ ಫೋನು ಸಿದ್ಧವಾಗಲು ಕೆಲವು ನಿಮಿಷ ಬೇಕು. ಗಡಿಯಾರವನ್ನು ಕಾಲು ಗಂಟೆ ಮುಂಚಿತವಾಗಿ ಇಟ್ಟರೆ ಆ ತೊಂದರೆಯೂ ಇರದು.

ಬೆಟ್ಟದ ಊರಿಗೆ ಒದಗುವ ಪಾಠ

ನಗರವನ್ನು ಕೇಳಿದ್ದಾಯಿತು. ಬೆಟ್ಟದ ಊರು ತಾನು ಮಾಡಿಕೊಳ್ಳಬಹುದಾದದ್ದೂ ಇದೆ. ಗ್ರಾಮ ಪಂಚಾಯಿತಿ ಕಚೇರಿ, ಗ್ರಂಥಾಲಯ ಮತ್ತು ಅರಿವು ಕೇಂದ್ರ, ಶಾಲೆ, ಆರೋಗ್ಯ ಉಪಕೇಂದ್ರ ಇವುಗಳಲ್ಲಿ ಒಂದರಲ್ಲಾದರೂ ಮಳೆಗಾಲದುದ್ದಕ್ಕೂ ಆರದ ಫೋನು ಇರಬೇಕು. ಅದಕ್ಕೆ ದೊಡ್ಡ ಜನರೇಟರ್ ಬೇಡ. ಗಾಜಿನೆಳೆಯ ಪೆಟ್ಟಿಗೆ, ಚಿಕ್ಕ ಸ್ವಿಚ್ಚು, ಒಂದು ಫೋನು, ಒಂದು ವೈ-ಫೈ ಪೆಟ್ಟಿಗೆ ಸೇರಿ ಸುಮಾರು 30 ವಾಟ್ ಎಂದು ಗಣಿಸಬಹುದು. ಮನೆಯ ಇನ್ವರ್ಟರುಗಳಲ್ಲಿ ಸಾಮಾನ್ಯವಾಗಿ ಕಾಣುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,800 ವಾಟ್-ಗಂಟೆಯ ಸಂಗ್ರಹವಿರುತ್ತದೆ. ಬ್ಯಾಟರಿಯ ಬಾಳಿಕೆಗಾಗಿ ಅರ್ಧವನ್ನಷ್ಟೇ ಬಳಸಿದರೂ 30 ಗಂಟೆ ಬರುತ್ತದೆ. ಪರಿವರ್ತನೆಯ ನಷ್ಟವನ್ನು ಕಳೆದರೂ ಒಂದು ಹಗಲು ಒಂದು ರಾತ್ರಿಗೆ ಕೊರತೆಯಿಲ್ಲ. ವೈ-ಫೈಯನ್ನು ಆರಿಸಿ ಫೋನನ್ನು ಮಾತ್ರ ಉಳಿಸಿಕೊಂಡರೆ ಇನ್ನೂ ಹೆಚ್ಚು ಹೊತ್ತು.

ಬ್ಯಾಟರಿಯ ನೇರ ವಿದ್ಯುತ್ತನ್ನೇ ಪಡೆದು ನಡೆಯುವ ಸ್ವಿಚ್ಚುಗಳೂ ದೊರೆಯುತ್ತವೆ. ಆಗ ನೇರವನ್ನು ಪರ್ಯಾಯವಾಗಿಸಿ, ಪರ್ಯಾಯವನ್ನು ಮತ್ತೆ ನೇರವಾಗಿಸುವ ಎರಡು ಬಗೆಯ ನಷ್ಟ ತಪ್ಪುತ್ತದೆ. ಸೌರಫಲಕಕ್ಕೂ ಅದು ಚೆನ್ನಾಗಿ ಹೊಂದುತ್ತದೆ. ಮಳೆಗಾಲದ ಮೋಡದಡಿ ಸೌರಫಲಕದ ಫಸಲು ಕಡಿಮೆಯೆಂಬುದನ್ನು ಮಾತ್ರ ಮರೆಯದೆ, ಬ್ಯಾಟರಿಯ ಗಾತ್ರವನ್ನು ನಿರ್ಧರಿಸಬೇಕು. ವರ್ಷವಿಡೀ ಹರಿಯುವ ತೊರೆಯಿದ್ದಲ್ಲಿ ಪಿಕೊ ಜಲವಿದ್ಯುತ್ ಘಟಕವೊಂದು ಈ 30 ವಾಟನ್ನು ಸುಲಭವಾಗಿ ಕೊಡಬಲ್ಲದು. ಮಲೆನಾಡಿನ ಹಲವು ಒಂಟಿಮನೆಗಳಿಗೆ ಅದರ ಬಳಕೆ ಗೊತ್ತಿದೆ.

ಸಿಡಿಲಿನ ವಿಷಯದಲ್ಲಿ ಎಚ್ಚರ ಅತ್ಯಗತ್ಯ. ವಿದ್ಯುತ್ ಹೊತ್ತ ಜಾಲದ ಕೇಬಲ್ಲು ಒಂದು ಕಟ್ಟಡದ ಒಳಗೆ ಬಳಸಲು ತಕ್ಕುದು, ಅದರ ಮಿತಿಯೂ 100 ಮೀಟರ್. ಶಾಲೆಯಿಂದ ಪಂಚಾಯಿತಿಗೆ ಮರದಿಂದ ಮರಕ್ಕೆ ಕಟ್ಟಿ ಎಳೆದರೆ, ಏಪ್ರಿಲ್-ಮೇ ತಿಂಗಳ ಗುಡುಗುಮಳೆಯಲ್ಲಿ ಎರಡೂ ಕಡೆಯ ಯಂತ್ರಗಳು ಸುಟ್ಟುಹೋಗಬಹುದು. ಕಟ್ಟಡಗಳ ನಡುವೆ ಗಾಜಿನೆಳೆ, ಕಟ್ಟಡದೊಳಗೆ ತಾಮ್ರ ಎಂಬುದು ಮಲೆನಾಡಿಗೆ ಸರಿಯಾದ ಕ್ರಮ. ಹೊರಗಿನ ಕಂಬಕ್ಕೆ ಉಪಕರಣ ಕಟ್ಟಲೇಬೇಕಾದರೆ ಸಿಡಿಲು ನಿರೋಧಕ ಸಾಧನ ಮತ್ತು ಸರಿಯಾದ ಅರ್ಥಿಂಗ್ ಎರಡೂ ಬೇಕು.

ಮಾಡಬೇಕಾದದ್ದು

ಮೊದಲನೆಯದಾಗಿ, ತಾಮ್ರದ ಸಂಪರ್ಕವನ್ನು ಕಡಿದು ಗಾಜಿನೆಳೆಯನ್ನು ಕೊಡುವಾಗ, ಗುಡ್ಡಗಾಡಿನ ಪ್ರತಿ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಬ್ಯಾಟರಿಯ ಬೆಂಬಲವುಳ್ಳ ಒಂದು ಸಾರ್ವಜನಿಕ ಫೋನನ್ನಾದರೂ ಖಾತರಿಪಡಿಸಬೇಕು. ಬ್ಯಾಟರಿಯನ್ನು ಮಳೆಗಾಲಕ್ಕೆ ಮುಂಚೆ ಪರೀಕ್ಷಿಸುವ ಹೊಣೆ ಯಾರದೆಂದು ಬರವಣಿಗೆಯಲ್ಲಿರಬೇಕು. ಹೊಣೆಗಾರನಿಲ್ಲದ ಬ್ಯಾಟರಿ ಎರಡನೆಯ ಮಳೆಗಾಲ ಕಾಣುವುದಿಲ್ಲ ಎಂಬುದು ಹಳ್ಳಿಗರ ಅನುಭವ. ಸತ್ತ ಬ್ಯಾಟರಿ ಹೊಳೆದಂಡೆಗೆ ಸೇರದೆ ಅಂಗಡಿಗೆ ಮರಳಬೇಕು, ಅದರಲ್ಲಿರುವುದು ಸೀಸ.

ಎರಡನೆಯದಾಗಿ, ಸರ್ಕಾರಿ ಕಚೇರಿಗಳು, ವಿಶ್ವವಿದ್ಯಾಲಯಗಳು ಜಾಲದ ಸ್ವಿಚ್ಚು ಕೊಳ್ಳುವಾಗ, ಪೋರ್ಟಿನ ಬಳಕೆಯನ್ನು ತೋರಿಸುವ ಹಾಗೂ ವೇಳೆಗೆ ಸರಿಯಾಗಿ ಆರಿಸುವ ಸೌಲಭ್ಯವನ್ನು ಟೆಂಡರಿನಲ್ಲಿಯೇ ಕಡ್ಡಾಯ ಮಾಡಬೇಕು. ಈಗಾಗಲೇ ಆ ಸೌಲಭ್ಯವಿರುವಲ್ಲಿ ಅದನ್ನು ಬಳಸುವಂತೆ ಒಂದು ಸುತ್ತೋಲೆ ಸಾಕು. ಖರ್ಚಿಲ್ಲದ ಈ ಸುಧಾರಣೆಯನ್ನೂ ಮಾಡದ ಆಡಳಿತ, ಉಳಿತಾಯದ ದಾರಿಗಳೆಲ್ಲ ಮುಗಿದವು, ಇನ್ನು ಕಣಿವೆಯೇ ಗತಿ ಎಂದು ಹೇಳಿದರೆ ಅದನ್ನು ನಂಬುವುದು ಕಷ್ಟ.

ಮೂರನೆಯದು ವಿದ್ಯಾರ್ಥಿಗಳಿಗೆ ಸೇರಿದ್ದು. ತಮ್ಮ ಕಾಲೇಜಿನಲ್ಲಿ ಸಂಜೆ ಎಲ್ಲರೂ ಹೋದ ಮೇಲೆ ಮಿನುಗುತ್ತಿರುವ ಹಸಿರು ದೀಪಗಳೆಷ್ಟು ಎಂದು ಒಮ್ಮೆ ಎಣಿಸಬಹುದು. ಉಪಕರಣದ ಬೆನ್ನಿನ ಚೀಟಿಯಲ್ಲಿರುವುದು ಗರಿಷ್ಠ ವಾಟ್. ನಿಜವಾದ ಬಳಕೆ ಸ್ವಿಚ್ಚಿನ ಪರದೆಯಲ್ಲಿ ಅಥವಾ ಪ್ಲಗ್ಗಿಗೆ ಸಿಕ್ಕಿಸುವ ಮೀಟರಿನಲ್ಲಿ ತಿಳಿಯುತ್ತದೆ. ಗಂಟೆಗಳಿಂದ ಗುಣಿಸಿದರೆ ಯೂನಿಟ್. ಎರಡು ವಾರದ ಈ ಲೆಕ್ಕವನ್ನು ಪ್ರಾಂಶುಪಾಲರ ಮುಂದಿಟ್ಟರೆ ಅದು ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಕಣಿವೆಯ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಮಾತಾಡುವ ಹಿರಿಯರ ಕೈಗೂ ಇಂಥ ಲೆಕ್ಕ ಬಲ ತರುತ್ತದೆ. ‘ವಿದ್ಯುತ್ ಬೇಡವೇ?’ ಎಂಬ ಪ್ರಶ್ನೆ ಅವರಿಗೆ ಪ್ರತಿ ಸಭೆಯಲ್ಲಿಯೂ ಎದುರಾಗುತ್ತದೆ. ಬೇಕು, ಮಳೆಗಾಲದ ರಾತ್ರಿಯಲ್ಲಿ ಒಂದು ಫೋನು ನಡೆಯುವಷ್ಟು 30 ವಾಟ್ ತುರ್ತಾಗಿ ಬೇಕು. ಬೀಗ ಹಾಕಿದ ಕೋಣೆಯ 400 ವಾಟ್ ಯಾರಿಗೂ ಬೇಡ.

ಒಂದೇ ತಂತಿಯಲ್ಲಿ ಮಾತನ್ನೂ ವಿದ್ಯುತ್ತನ್ನೂ ಕಳಿಸುವ ವಿದ್ಯೆ ಹೊಸದಲ್ಲ. ಹಳೆಯ ಫೋನು ಹಲವು ದಶಕ ಅದನ್ನೇ ಮಾಡಿತು. ಕತ್ತಲಲ್ಲಿಯೂ ಕರೆಗೆ ಓಗೊಡುವುದು, ಕೆಲಸವಿಲ್ಲದಾಗ ಏನನ್ನೂ ಬೇಡದಿರುವುದು, ಈ ಎರಡು ಗುಣಗಳೂ ಅದಕ್ಕಿದ್ದವು. ಮೊದಲನೆಯದನ್ನು ಹೊಸ ವ್ಯವಸ್ಥೆ ಕಚೇರಿಗಳಿಗೆ ತಂದುಕೊಟ್ಟಿದೆ, ಹಳ್ಳಿಗೆ ಅದಿನ್ನೂ ತಲುಪಬೇಕಾಗಿದೆ. ಎರಡನೆಯದನ್ನು ಕಚೇರಿಗಳು ಕಲಿಯಬೇಕಾಗಿದೆ. ಮುಂದಿನ ಆಷಾಢಕ್ಕೆ ಮುಂಚೆ ಪಂಚಾಯಿತಿಯ ಗ್ರಾಮಸಭೆಯಲ್ಲಿ ಬ್ಯಾಟರಿಯ ಪ್ರಶ್ನೆಯನ್ನು ಎತ್ತುವುದು, ಮುಂದಿನ ಅಹವಾಲು ಸಭೆಯಲ್ಲಿ ಬೀಗ ಹಾಕಿದ ಕಚೇರಿಗಳ ಲೆಕ್ಕವನ್ನು ಕೇಳುವುದು, ಇವೆರಡೂ ಬೆಟ್ಟದ ಜನರ ಕೈಯಲ್ಲಿಯೇ ಇರುವ ಕೆಲಸಗಳು.